ಪಿಕಪ್ಪಿಗೆ ಇನ್ನೊಂದು ಪ್ಲೇಟು ಬೇಕೆ?

ನಮ್ಮ ಸೀಮೆಯಲ್ಲಿ ಹೊಸ ಪಿಕಪ್ ಕೊಂಡವರು ಪೂಜೆ ಮುಗಿದ ಕೂಡಲೇ ಮಾಡಿಸುವ ಕೆಲಸಗಳು ಎರಡು. ಮುಂದಿನ ಗಾಜಿನ ಮೇಲೆ ಮನೆದೇವರ ಹೆಸರನ್ನೋ ಮಗಳ ಹೆಸರನ್ನೋ ಬರೆಸುವುದು ಒಂದು. ಹಿಂದಿನ ಚಕ್ರಗಳ ಮೇಲಿರುವ ಕಮಾನಿಗೆ ಒಂದೋ ಎರಡೋ ಪ್ಲೇಟು ಹೆಚ್ಚಿಗೆ ಹಾಕಿಸಿ ಗಾಡಿಯನ್ನು ಎತ್ತರಿಸುವುದು ಇನ್ನೊಂದು. ಮೊದಲನೆಯದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಎರಡನೆಯದರ ಬಗ್ಗೆ ಇದೆ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ಕಡೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕಾಯಿ, ಕೊಬ್ಬರಿ, ಎಳನೀರು, ಮಟ್ಟೆ ಸಾಗಿಸುವ ಗಾಡಿಗಳನ್ನು ಇಟ್ಟುಕೊಂಡವರು ಅನೇಕರಿದ್ದಾರೆ. ನೆಂಟರಲ್ಲಿಯೂ ಇದ್ದಾರೆ. ಅವರಲ್ಲಿ ಕೆಲವರು ಈಚೆಗೆ ದೂರವಾಣಿ ಮಾಡಿ, "ಸಾರ್, ಯಾವ ಪ್ಲೇಟು ಹಾಕ್ಸಿದ್ರೆ ಒಳ್ಳೇದು? ಬ್ಲಾಕು ಹಾಕ್ಸೋದೋ, ಉದ್ದನೆ ಶ್ಯಾಕಲ್ ಹಾಕ್ಸೋದೋ?" ಎಂದು ಕೇಳುತ್ತಾರೆ. ವಿಜ್ಞಾನದ ಮೇಷ್ಟ್ರಿಗೆ ಎಲ್ಲವೂ ಗೊತ್ತಿರುತ್ತದೆಂಬ ಹಳೆಯ ನಂಬಿಕೆ ಅವರಲ್ಲಿ ಇನ್ನೂ ಉಳಿದಿದೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ಲೇಸೆಂದು ತೋರಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಲೇಟು ಏರಿಸಿದರೆ ಗಾಡಿಯ ಎತ್ತರ ಹೆಚ್ಚುತ್ತದೆ, ಶಕ್ತಿ ಹೆಚ್ಚುವುದಿಲ್ಲ. ಭಾರಕ್ಕೆ ಕಮಾನು ತಗ್ಗುವುದು ಒಂದು ದೋಷವಲ್ಲ. ಅದು ಗಾಡಿ ತನ್ನ ಯಜಮಾನನಿಗೆ ಆಡುವ ಮಾತು. ಇನ್ನೊಂದು ಪ್ಲೇಟು ತುರುಕಿದಾಗ ನಾವು ಮಾಡುವುದು ಗಾಡಿಯ ಬಾಯಿ ಮುಚ್ಚಿಸುವ ಕೆಲಸವನ್ನು.

ಪುಸ್ತಕದಲ್ಲಿ ಪಟ್ಟಿ ಸ್ಪ್ರಿಂಗು ಎಂದು ಬರೆಯುವುದನ್ನೇ ಗ್ಯಾರೇಜಿನವರು ಪ್ಲೇಟು ಎನ್ನುತ್ತಾರೆ. ಬಾಗಿದ ಉಕ್ಕಿನ ಪಟ್ಟಿಗಳನ್ನು ಉದ್ದದಿಂದ ಗಿಡ್ಡಕ್ಕೆ ಒಂದರ ಕೆಳಗೊಂದು ಜೋಡಿಸಿ, ನಡುವೆ ತೂತು ಕೊರೆದು ಸೆಂಟರ್ ಬೋಲ್ಟು ಹಾಕಿ, ಯು ಬೋಲ್ಟುಗಳಿಂದ ಅಚ್ಚಿಗೆ ಬಿಗಿದಿರುತ್ತಾರೆ. ಎಲ್ಲಕ್ಕಿಂತ ಮೇಲಿರುವ ಉದ್ದನೆಯದು ಮೇನ್ ಪ್ಲೇಟು. ಅದರ ಎರಡು ತುದಿಗಳನ್ನು ಸುರುಳಿ ಸುತ್ತಿ ಚಾಸಿಗೆ ಕಟ್ಟಿರುತ್ತಾರೆ. ಒಂದು ತುದಿ ಪಿನ್ನಿನಲ್ಲಿ ಸ್ಥಿರವಾಗಿರುತ್ತದೆ. ಇನ್ನೊಂದು ತುದಿ ಶ್ಯಾಕಲ್ ಎಂಬ ತೂಗುಕೊಂಡಿಯಲ್ಲಿ ಹಿಂದೆ ಮುಂದೆ ಆಡುತ್ತದೆ. ಕಮಾನು ಭಾರಕ್ಕೆ ನೆಟ್ಟಗಾದಾಗ ಅದರ ಉದ್ದ ಹೆಚ್ಚುವುದರಿಂದ ಈ ಆಟಕ್ಕೆ ಅವಕಾಶ ಬೇಕೇ ಬೇಕು. ಇಂಗ್ಲೆಂಡಿನ ಒಬದಾಯ ಎಲಿಯಟ್ ಎಂಬಾತ 1804ರಲ್ಲಿ ಕುದುರೆ ಗಾಡಿಗೆ ಇಂಥ ಪಟ್ಟಿಗಳ ಜೋಡಣೆಯನ್ನು ರೂಪಿಸಿದ. ಇನ್ನೂರು ವರ್ಷ ಕಳೆದರೂ ನಮ್ಮ ಕಾಯಿಗಾಡಿಗಳ ಹಿಂಬದಿಯಲ್ಲಿ ಇರುವುದು ಬಹುಮಟ್ಟಿಗೆ ಅದೇ.

ನಿಮ್ಮಲ್ಲಿ ಹಲವರಿಗೆ ಪ್ರಯೋಗಶಾಲೆಯ ಸ್ಪ್ರಿಂಗ್ ತಕ್ಕಡಿ ನೆನಪಿರಬಹುದು. ಒಂದು ತೂಕಕ್ಕೆ ಇಷ್ಟು ಹಿಗ್ಗಿದರೆ ಎರಡು ತೂಕಕ್ಕೆ ಅದರ ಎರಡರಷ್ಟು. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ಈ ನಿಯಮವನ್ನು ಬೋರ್ಡಿನ ಮೇಲೆ ಬರೆಸಿ ನಕ್ಷೆ ಹಾಕಿಸುತ್ತಿದ್ದೆ. ಪಿಕಪ್ಪಿನ ಹಿಂಭಾಗವೂ ಒಂದು ಸ್ಪ್ರಿಂಗ್ ತಕ್ಕಡಿಯೇ. ಕಾಯಿ ತುಂಬಿದ ಮೇಲೆ ಎಷ್ಟು ತಗ್ಗಿತೆಂದು ನೋಡಿದರೆ ಎಷ್ಟು ಭಾರ ಬಿತ್ತೆಂದು ತಿಳಿಯುತ್ತದೆ. ಈಗ ಒಂದೇ ಬಗೆಯ ಐದು ಪ್ಲೇಟಿನ ಜೊತೆಗೆ ಆರನೆಯದನ್ನು ಸೇರಿಸಿದೆವೆನ್ನಿ. ಉದ್ದದ ವ್ಯತ್ಯಾಸವನ್ನು ಬಿಟ್ಟು ಅಂದಾಜು ಲೆಕ್ಕ ಹಾಕಿದರೆ ಕಮಾನಿನ ಬಿರುಸು ಐದನೆಯ ಒಂದು ಭಾಗ ಹೆಚ್ಚುತ್ತದೆ. ಮೊದಲು 10 ಸೆಂಟಿಮೀಟರ್ ತಗ್ಗುತ್ತಿದ್ದ ಗಾಡಿ ಈಗ ಎಂಟು ಚಿಲ್ಲರೆ ತಗ್ಗುತ್ತದೆ. ಹೆಚ್ಚಿಗೆ ಹಾಕುವ ಪ್ಲೇಟು ದಪ್ಪವಾಗಿದ್ದರಂತೂ ಕೇಳುವುದೇ ಬೇಡ. ಪಟ್ಟಿಯ ಬಿರುಸು ದಪ್ಪದ ಘನಕ್ಕೆ ಅನುಪಾತವಾಗಿರುತ್ತದೆ. 8 ಮಿಲಿಮೀಟರಿನ ಬದಲು 9 ಮಿಲಿಮೀಟರಿನದನ್ನು ಹಾಕಿದರೆ ಆ ಒಂದು ಪ್ಲೇಟಿನ ಬಿರುಸು ಶೇಕಡಾ 42ರಷ್ಟು ಏರುತ್ತದೆ. ಕಣ್ಣಿಗೆ ಕಾಣದ ಒಂದು ಮಿಲಿಮೀಟರು!

ತಗ್ಗುವುದು ಕಡಿಮೆಯಾಯಿತು, ಸರಿ. ಆದರೆ ಭಾರ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಅದೇ ಅಚ್ಚು, ಅದೇ ಬೇರಿಂಗು, ಅದೇ ಎರಡು ಟೈರು, ಅದೇ ಬ್ರೇಕು ಅಷ್ಟನ್ನೂ ಹೊರಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಯನ್ನು ಓದುವ ಅಭ್ಯಾಸ ನಮ್ಮವರಿಗಿಲ್ಲ. ಅಲ್ಲಿ 100 ಎಂಬ ಭಾರಸೂಚಿ ಇದ್ದರೆ ಆ ಟೈರು ಹೊರಬಹುದಾದದ್ದು 800 ಕಿಲೋ. ಹಿಂದಿನ ಎರಡು ಟೈರಿಗೆ 1600 ಕಿಲೋ. ಇದರಲ್ಲಿ ಖಾಲಿ ಗಾಡಿಯ ಹಿಂಭಾಗದ ತೂಕವೂ ಸೇರಿದೆಯೆಂಬುದನ್ನು ಮರೆಯಬಾರದು. ಸರಪಳಿಯಲ್ಲಿ ಒಂದು ಕೊಂಡಿಯನ್ನು ಮಾತ್ರ ದಪ್ಪ ಮಾಡಿಸಿದವನು ಬಾವಿಗೆ ಬಿದ್ದ ಎಮ್ಮೆಯನ್ನು ಎತ್ತಲಾರ.

ಇನ್ನು ನಾವು ಹೇರುವುದೆಷ್ಟು ನೋಡೋಣ. ಸುಲಿದ ಕಾಯಿ ಒಂದಕ್ಕೆ ಅರ್ಧ ಕಿಲೋ ಹಿಡಿದರೂ 3000 ಕಾಯಿಗೆ ಒಂದೂವರೆ ಟನ್ನು. ಎಳನೀರು ಒಂದೊಂದು ಒಂದೂವರೆಯಿಂದ ಎರಡು ಕಿಲೋ ತೂಗುತ್ತದೆ. ಮದ್ದೂರಿನ ಮಾರುಕಟ್ಟೆಗೆ ಹೊರಟ ಗಾಡಿಯಲ್ಲಿ ಸಾವಿರ ಎಳನೀರಿದ್ದರೆ ಒಂದೂವರೆ ಟನ್ನಿಗೆ ಕಡಿಮೆಯಿಲ್ಲ. 2005ರಲ್ಲಿ ಬಂದ ಟಾಟಾ ಏಸ್ ಮುಕ್ಕಾಲು ಟನ್ನಿನ ಗಾಡಿ. 2011ರಲ್ಲಿ ಬಂದ ದೋಸ್ತ್ ಒಂದೂಕಾಲು ಟನ್ನಿನದು. ಬೊಲೆರೊ ಪಿಕಪ್ಪಿನಲ್ಲಿ 1.3 ಟನ್ನು, 1.7 ಟನ್ನು ಎಂದು ಬೇರೆ ಬೇರೆ ಮಾದರಿಗಳಿವೆ. ನೋಡಲು ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುತ್ತವೆ. ಪಕ್ಕದ ಮನೆಯವನ ಗಾಡಿ ಹೊರುತ್ತದೆಂದು ತನ್ನ ಗಾಡಿಗೂ ಅಷ್ಟೇ ಹೇರುವವನಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ. ವ್ಯಾಪಾರಿಯಾದರೋ ಕಾಯಿಯನ್ನು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾನೆಯೇ ಹೊರತು ಕಿಲೋ ಲೆಕ್ಕದಲ್ಲಿ ಯೋಚಿಸುವುದಿಲ್ಲ.

ಇಲ್ಲಿ ಒಂದು ಪ್ರಸಂಗವನ್ನು ಹೇಳಬೇಕು. ನನ್ನ ತಂಗಿಯ ಮಗ ಪಿಕಪ್ ಕೊಂಡು ತಿಂಗಳಾಗುವುದರೊಳಗೆ ಎರಡು ಪ್ಲೇಟು ಏರಿಸಿದ್ದ. "ಈಗ ಎಷ್ಟು ಹಾಕಿದ್ರೂ ನೆಟ್ಟಗೆ ನಿಂತ್ಕಳುತ್ತೆ ಮಾವ" ಎಂದು ಹೆಮ್ಮೆಯಿಂದ ಹೇಳಿದ್ದ. ಅದೇ ವರ್ಷ ಕಾಯಿ ತುಂಬಿಕೊಂಡು ಕೆ.ಬಿ. ಕ್ರಾಸಿನ ಕಡೆ ಹೋಗುವಾಗ ಮುಂದಿದ್ದ ಬಸ್ಸು ನಿಂತಿತು. ಇವನು ಬ್ರೇಕು ತುಳಿದ. ಮುಂದಿನ ಚಕ್ರಗಳು ಕಚ್ಚಿಕೊಂಡು ಜಾರಿದವೇ ಹೊರತು ಗಾಡಿ ನಿಲ್ಲಲಿಲ್ಲ. ಬಸ್ಸಿನಿಂದ ಇಳಿಯುತ್ತಿದ್ದ ಹೆಂಗಸೊಬ್ಬರು ಮಗುವನ್ನು ಎತ್ತಿಕೊಂಡು ಅತ್ತ ಸರಿದದ್ದರಿಂದ ಬಂಪರು ಮತ್ತು ದೀಪಗಳ ನಷ್ಟಕ್ಕೆ ಮುಗಿಯಿತು. ಹುಡುಗ ಆ ರಾತ್ರಿ ಊಟ ಮಾಡಲಿಲ್ಲ. ಇದನ್ನು ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ.

ಬ್ರೇಕಿನ ಪ್ಯಾಡುಗಳು ಚೆನ್ನಾಗಿದ್ದವು. ಎಣ್ಣೆಯೂ ಸರಿಯಾಗಿತ್ತು. ಮತ್ತೇಕೆ ಹೀಗಾಯಿತು? ವಯಸ್ಸಾದ ಮೆಕ್ಯಾನಿಕ್ಕರೊಬ್ಬರು ಗಾಡಿಯ ಕೆಳಗೆ ಮಲಗಿ ನೋಡಿ ಕಾರಣ ತೋರಿಸಿದರು. ಹಲವು ಮಾದರಿಯ ಪಿಕಪ್ಪುಗಳಲ್ಲಿ ಹಿಂದಿನ ಬ್ರೇಕಿಗೆ ಹೋಗುವ ಎಣ್ಣೆಯ ಒತ್ತಡವನ್ನು ಭಾರಕ್ಕೆ ತಕ್ಕಂತೆ ಹೊಂದಿಸುವ ಒಂದು ವಾಲ್ವು ಇರುತ್ತದೆ. ವಾಲ್ವು ಚಾಸಿಯ ಮೇಲೆ, ಅದರ ಸಣ್ಣ ಕಂಬಿ ಅಚ್ಚಿಗೆ. ಭಾರ ಬಿದ್ದು ಚಾಸಿ ತಗ್ಗಿದಾಗ ಅಚ್ಚಿಗೂ ಚಾಸಿಗೂ ನಡುವಿನ ಅಂತರ ಕಿರಿದಾಗುತ್ತದೆ. ಕಂಬಿ ವಾಲ್ವನ್ನು ತಿರುಗಿಸುತ್ತದೆ, ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಹೋಗುತ್ತದೆ. ಖಾಲಿ ಇದ್ದಾಗ ಕಡಿಮೆ ಒತ್ತಡ. ಇಲ್ಲದಿದ್ದರೆ ಹಗುರವಾದ ಹಿಂದಿನ ಚಕ್ರಗಳು ಕಚ್ಚಿಕೊಂಡು ಗಾಡಿ ತಿರುಗಿಬಿಡುತ್ತದೆ. ಎಂಥ ಸರಳ ಉಪಾಯ ನೋಡಿ! ಕಮಾನು ಆಡುವ ಮಾತನ್ನು ಬ್ರೇಕು ಕೇಳಿಸಿಕೊಳ್ಳುವ ಏರ್ಪಾಡು ಇದು. ಎರಡು ಪ್ಲೇಟು ಏರಿಸಿದ ಗಾಡಿ ಒಂದೂವರೆ ಟನ್ನು ಹೇರಿದರೂ ತಗ್ಗದು. ವಾಲ್ವು ಪಾಪ, ಗಾಡಿ ಖಾಲಿಯಿದೆಯೆಂದೇ ತಿಳಿಯುತ್ತದೆ. ಹೆಚ್ಚು ಬ್ರೇಕು ಬೇಕಾದ ಹೊತ್ತಿನಲ್ಲಿಯೇ ಹಿಂದಿನ ಚಕ್ರಗಳಿಗೆ ಕಡಿಮೆ ಸಿಗುತ್ತದೆ.

ಇದಕ್ಕೆ ಕೆಲವರು ಕಂಡುಕೊಂಡಿರುವ ಪರಿಹಾರ ಇನ್ನೂ ಕೆಟ್ಟದ್ದು. ಆ ಕಂಬಿಯನ್ನೇ ಮೇಲಕ್ಕೆ ಎಳೆದು ತಂತಿಯಿಂದ ಕಟ್ಟಿಬಿಡುತ್ತಾರೆ. ಆಗ ಯಾವಾಗಲೂ ಪೂರ್ತಿ ಒತ್ತಡ. ಕಾಯಿ ಇಳಿಸಿ ಖಾಲಿ ಬರುವಾಗ, ಅದೂ ಮೊದಲ ಮಳೆಯ ಜಾರು ರಸ್ತೆಯಲ್ಲಿ, ಹಿಂದಿನ ಚಕ್ರಗಳು ಕಚ್ಚಿಕೊಂಡರೆ ಗಾಡಿಯ ಬಾಲ ಮುಂದಕ್ಕೆ ಬರುತ್ತದೆ. ನಮ್ಮ ಗಾಡಿಗಳು ಅರ್ಧ ದಾರಿಯನ್ನು ಖಾಲಿಯೇ ಓಡುತ್ತವೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿರುಸಾದ ಕಮಾನಿನ ಗಾಡಿ ಖಾಲಿಯಿದ್ದಾಗ ಉಬ್ಬುತಗ್ಗಿನ ಮೇಲೆ ಪುಟಿಯುತ್ತದೆ. ಚಕ್ರ ನೆಲ ಬಿಟ್ಟ ಆ ಕ್ಷಣದಲ್ಲಿ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಆ ಏಟೆಲ್ಲ ಚಾಸಿಗೆ, ಹ್ಯಾಂಗರಿನ ರಿವೆಟ್ಟುಗಳಿಗೆ, ಕೊನೆಗೆ ಚಾಲಕನ ಬೆನ್ನುಹುರಿಗೆ.

ಎತ್ತರಿಸುವುದಕ್ಕೆ ಎರಡನೆಯ ಸಮರ್ಥನೆಯೊಂದು ಇದೆ: ತೋಟದ ದಾರಿ. ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಟ್ರಾಕ್ಟರು ಓಡಾಡಿ ಎರಡೂ ಕಡೆ ಗಾಲಿಜಾಡು ಆಳವಾಗಿ, ನಡುವೆ ದಿಣ್ಣೆ ಉಳಿದಿರುತ್ತದೆ. ಗಣಿಗಾರಿಕೆಯ ದಿನಗಳಲ್ಲಿ ನಮ್ಮ ತಾಲ್ಲೂಕಿನ ಡಾಂಬರು ರಸ್ತೆಗಳೇ ಈ ಸ್ಥಿತಿಗೆ ಬಂದಿದ್ದವು. 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸುವವರೆಗೆ ಅದಿರಿನ ಲಾರಿಗಳ ಹಿಂದೆ ಕೆಂಪು ಧೂಳಿನಲ್ಲಿ ಸೈಕಲ್ಲು ತುಳಿದು ಶಾಲೆಗೆ ಬಂದವರು ನೀವು. ಅಂದಹಾಗೆ, ಎತ್ತರಿಸಿದ ಗಾಡಿಗಳ ಮೇಲಿನ ಮೋಹ ನಮ್ಮ ಕಡೆ ಬೇರೂರಿದ್ದು ಆ ಲಾರಿಗಳನ್ನು ನೋಡಿಯೇ ಇರಬೇಕೆಂದು ನನ್ನ ಗುಮಾನಿ. ಇಂದು ಹಿರಿಯೂರಿನ ಕಡೆಯಿಂದ ಹುಳಿಯಾರು, ಚಿಕ್ಕನಾಯಕನಹಳ್ಳಿ, ಕೆ.ಬಿ. ಕ್ರಾಸ್, ತುರುವೇಕೆರೆಗಳ ಮೂಲಕ ಹೋಗುವ ದಾರಿ ರಾಷ್ಟ್ರೀಯ ಹೆದ್ದಾರಿ 150ಎ ಎನಿಸಿಕೊಂಡಿದೆ. ಆದರೆ ಹೆದ್ದಾರಿಯಿಂದ ತೋಟಕ್ಕೆ ಇಳಿಯುವ ಅರ್ಧ ಮೈಲಿ ಇನ್ನೂ ಹಾಗೆಯೇ ಇದೆ.

ಹಾಗಾದರೆ ಎತ್ತರಿಸಿದರೆ ತಪ್ಪೇನು? ತಪ್ಪಿಗಿಂತ ಹೆಚ್ಚಾಗಿ, ಅದು ನಿಷ್ಪ್ರಯೋಜಕ. ಗಾಡಿಯ ಕೆಳಗೆ ಬಗ್ಗಿ ನೋಡಿ. ದಿಣ್ಣೆಗೆ ತಾಗುವುದು ಯಾವುದು? ಹಿಂದಿನ ಅಚ್ಚಿನ ನಡುವಿರುವ ಡಿಫರೆನ್ಷಿಯಲ್ಲಿನ ಗುಂಡು. ಅದು ಚಾಸಿಗೆ ಅಂಟಿಕೊಂಡಿಲ್ಲ, ಅಚ್ಚಿನಲ್ಲಿಯೇ ಇದೆ. ಅಚ್ಚು ಚಕ್ರದ ಮೇಲಿದೆ. ಪ್ಲೇಟು ಹಾಕಿ, ಬ್ಲಾಕು ಇಟ್ಟು, ಶ್ಯಾಕಲ್ ಉದ್ದ ಮಾಡಿ ಎಷ್ಟೇ ಎತ್ತರಿಸಿದರೂ ಏಳುವುದು ಚಾಸಿ ಮತ್ತು ತೊಟ್ಟಿ. ಡಿಫರೆನ್ಷಿಯಲ್ಲು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವ ಉಪಾಯ ದೊಡ್ಡ ಟೈರು ಒಂದೇ. ಅಲ್ಲಿಯೂ ವ್ಯಾಸ ಎರಡು ಇಂಚು ಹೆಚ್ಚಿದರೆ ಎತ್ತರ ಒಂದೇ ಇಂಚು ಹೆಚ್ಚುತ್ತದೆ, ಗೇರಿನ ಎಳೆತ ಕಡಿಮೆಯಾಗುತ್ತದೆ, ಸ್ಪೀಡಾಮೀಟರು ಸುಳ್ಳು ಹೇಳುತ್ತದೆ. ತೋಟದ ದಾರಿಯ ಕಷ್ಟಕ್ಕೆ ಮದ್ದು ಗಾಡಿಯಲ್ಲಿಲ್ಲ, ದಾರಿಯಲ್ಲಿದೆ. ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಎರಡು ಲೋಡು ಗ್ರಾವೆಲ್ ಹೊಡೆಸಿ ದಿಣ್ಣೆ ಸವರಿಸಿದರೆ ಪ್ಲೇಟು ಏರಿಸುವ ಖರ್ಚಿಗಿಂತ ತಲಾ ಹೆಚ್ಚೇನೂ ಬೀಳದು. ಬದುವಿನ ವ್ಯಾಜ್ಯ ಇರುವ ಕಡೆ ಇದು ಸುಲಭವಲ್ಲವೆಂದು ನನಗೂ ಗೊತ್ತು.

ಬ್ಲಾಕು ಮತ್ತು ಶ್ಯಾಕಲ್ ಬಗ್ಗೆ ಕೇಳಿದವರಿಗೆ ಎರಡು ಮಾತು. ಅಚ್ಚಿಗೂ ಕಮಾನಿಗೂ ನಡುವೆ ಕಬ್ಬಿಣದ ಬ್ಲಾಕು ಇಟ್ಟರೆ ಖರ್ಚು ಕಡಿಮೆ, ಎತ್ತರ ಕೂಡಲೇ ಬರುತ್ತದೆ. ಆದರೆ ಬ್ರೇಕು ಹಿಡಿದಾಗ, ಏರಿನಲ್ಲಿ ಎಳೆಯುವಾಗ ಅಚ್ಚು ತಿರುಚಿಕೊಳ್ಳಲು ನೋಡುತ್ತದೆ. ಬ್ಲಾಕಿನಿಂದ ಆ ತಿರುಚಿಗೆ ಸನ್ನೆಯ ಉದ್ದ ಹೆಚ್ಚಿ, ಪ್ಲೇಟುಗಳು ಸೊಟ್ಟಗಾಗುತ್ತವೆ. ಬ್ಲಾಕಿನ ಮೇಲೆ ಬ್ಲಾಕು ಪೇರಿಸುವುದಂತೂ ಆತ್ಮಹತ್ಯೆಗೆ ಸಮಾನ. ಮುಂದಿನ ಅಚ್ಚಿಗೆ, ಸ್ಟೀರಿಂಗು ಇರುವ ಕಡೆ, ಬ್ಲಾಕು ಎಂಬ ಮಾತನ್ನೇ ಎತ್ತಬಾರದು. ಶ್ಯಾಕಲ್ಲಿನ ಕಥೆ ಬೇರೆ. ಅದು ಎರಡು ಇಂಚು ಉದ್ದವಾದರೆ ಗಾಡಿ ಏಳುವುದು ಒಂದು ಇಂಚು ಮಾತ್ರ, ಏಕೆಂದರೆ ಕಮಾನಿನ ಒಂದೇ ತುದಿ ತಗ್ಗಿಗಿಳಿಯುತ್ತದೆ. ಜೊತೆಗೆ ಅಚ್ಚು ಓರೆಯಾಗಿ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಜಾಯಿಂಟುಗಳು ಬೇಗ ಸವೆಯುತ್ತವೆ. ಹೇಗೆ ಎತ್ತರಿಸಿದರೂ ಶಾಕ್ ಅಬ್ಸಾರ್ಬರ್ ಮತ್ತು ಬ್ರೇಕಿನ ರಬ್ಬರು ಕೊಳವೆ ಹಳೆಯ ಅಳತೆಯವೇ ಆಗಿರುತ್ತವೆ. ಚಕ್ರ ಗುಂಡಿಗೆ ಇಳಿದಾಗ ಅವು ತಮ್ಮ ಉದ್ದದ ಕೊನೆಗೆ ಬಂದು ಎಳೆದು ನಿಲ್ಲುತ್ತವೆ.

ಎತ್ತರದ ಚಟ ನಮ್ಮವರದೊಂದೇ ಅಲ್ಲ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ಪಿಕಪ್ಪನ್ನು ಎತ್ತರಿಸುವ ಸಾಮಾನುಗಳು ಪೆಟ್ಟಿಗೆಯಲ್ಲಿ ಸೆಟ್ಟಾಗಿಯೇ ಸಿಗುತ್ತವೆ. ಒಳ್ಳೆಯ ಸೆಟ್ಟಿನಲ್ಲಿ ಉದ್ದನೆಯ ಶಾಕ್ ಅಬ್ಸಾರ್ಬರ್, ಕೊಳವೆಗಳನ್ನು ಸರಿಸಿ ಕಟ್ಟುವ ಕ್ಲಿಪ್ಪು, ಹೊಸ ಯು ಬೋಲ್ಟು ಎಲ್ಲ ಒಂದಕ್ಕೊಂದು ಅಳತೆ ಕೂಡಿಸಿ ಇಟ್ಟಿರುತ್ತಾರೆ. ಅಷ್ಟಾದರೂ ಅತಿರೇಕ ತಪ್ಪಲಿಲ್ಲ. ಮೂತಿಯನ್ನು ಮೇಲೆತ್ತಿ ಬಾಲವನ್ನು ಕುಕ್ಕರಿಸಿದ ಗಾಡಿಗಳ ಹುಚ್ಚು ಹಬ್ಬಿ, ಚಾಲಕನಿಗೆ ಮುಂದಿನ ಮಗು ಕಾಣದಂತಾಗಿ, ಉತ್ತರ ಕರೋಲಿನಾ ರಾಜ್ಯದಲ್ಲಿ 2021ರ ಡಿಸೆಂಬರಿನಿಂದ ಮುಂಭಾಗ ಹಿಂಭಾಗಕ್ಕಿಂತ 4 ಇಂಚು ಅಥವಾ ಹೆಚ್ಚು ಎತ್ತರವಾಗುವಂತೆ ಮಾರ್ಪಡಿಸುವುದನ್ನು ನಿಷೇಧಿಸಬೇಕಾಯಿತು. 2023ರಲ್ಲಿ ದಕ್ಷಿಣ ಕರೋಲಿನಾ ಕೂಡ ಅದೇ ದಾರಿ ಹಿಡಿಯಿತು. ನಮ್ಮಲ್ಲಿ ಬಾಲ ಮೇಲೆ, ಮೂತಿ ಕೆಳಗೆ. ದಿಕ್ಕು ಬೇರೆ, ಹುಚ್ಚು ಒಂದೇ.

ನಮ್ಮ ಕಡೆ ಹಾಕುವ ಪ್ಲೇಟಾದರೂ ಎಂಥದ್ದು? ಹಲವು ಸಲ ಗುಜರಿಗೆ ಬಂದ ಲಾರಿಯ ಹಳೆಯ ಪ್ಲೇಟನ್ನು ಗ್ಯಾಸಿನಲ್ಲಿ ಕತ್ತರಿಸಿ, ಅದೇ ಉರಿಯಲ್ಲಿ ಕಾಯಿಸಿ ಬಗ್ಗಿಸಿ ಕೂರಿಸಿದ್ದು. ಸ್ಪ್ರಿಂಗಿನ ಉಕ್ಕಿನ ಗುಣವೆಲ್ಲ ಇರುವುದು ಅದಕ್ಕೆ ಕೊಟ್ಟ ಹದದಲ್ಲಿ. ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಅಳತೆಯ ಶಾಖದಲ್ಲಿ ಹದಗೊಳಿಸಿದ ಉಕ್ಕು ಬಾಗಿ ಮರಳುತ್ತದೆ. ಮನಸ್ಸಿಗೆ ಬಂದಂತೆ ಮತ್ತೆ ಕೆಂಪಗೆ ಕಾಯಿಸಿದರೆ ಆ ಹದ ಹೋಯಿತು. ಆ ಪ್ಲೇಟು ಒಂದೋ ನಾಲ್ಕು ದಿನದಲ್ಲಿ ಕುಸಿಯುತ್ತದೆ, ಇಲ್ಲವೇ ಯಾವುದೋ ಹಳ್ಳದಲ್ಲಿ ಪಟ್ಟನೆ ತುಂಡಾಗುತ್ತದೆ. ಇದನ್ನು ನಮ್ಮೂರ ಕಮ್ಮಾರರನ್ನು ಕೇಳಿ. ಕಾಯಿ ಕೆತ್ತುವ ಒಳ್ಳೆಯ ಮಚ್ಚುಗಳನ್ನು ಅವರು ಮಾಡುವುದೇ ಹಳೆಯ ಪ್ಲೇಟಿನಿಂದ. ಹದ ಕೊಡದ ಮಚ್ಚಿಗೆ ಅಂಚು ನಿಲ್ಲದೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಚ್ಚಿಗೆ ಬೇಕಾದ ಎಚ್ಚರ ಆಳು ಕೂರುವ ಗಾಡಿಗೆ ಬೇಡವಾಯಿತೇ?

ಆಳು ಎಂದೆ. ಕಾಯಿ ಕೀಳುವವರು, ಸುಲಿಯುವವರು, ಹೇರುವವರು ಲೋಡಿನ ಮೇಲೆ ಕುಳಿತು ಹೋಗುವುದನ್ನು ನಾವು ದಿನವೂ ನೋಡುತ್ತೇವೆ. ನಾರಿನ ಫ್ಯಾಕ್ಟರಿಗೆ ಹೋಗುವ ಮಟ್ಟೆಯ ಲೋಡಂತೂ ಕ್ಯಾಬಿನ್ನಿನ ಎರಡರಷ್ಟು ಎತ್ತರಕ್ಕೆ ಏರಿರುತ್ತದೆ. ಮಟ್ಟೆ ಹಗುರ, ತೂಕದ ಲೆಕ್ಕದಲ್ಲಿ ತಪ್ಪು ಸಿಗದು. ಆದರೆ ಗುರುತ್ವ ಕೇಂದ್ರ ಮೇಲೆ ಹೋಗುತ್ತದೆ. ಎರಡು ಇಂಚು ಎತ್ತರಿಸಿದ ಮಾತ್ರಕ್ಕೆ ಗಾಡಿ ಉರುಳುವುದಿಲ್ಲ, ಅಷ್ಟು ನ್ಯಾಯವಾಗಿ ಹೇಳಬೇಕು. ಅಪಾಯ ಬೇರೆ ಕಡೆ ಇದೆ. ಮೃದುವಾದ ಕಮಾನಿನ ಗಾಡಿ ತಿರುವಿನಲ್ಲಿ ಓಲುತ್ತದೆ, ಚಾಲಕನಿಗೆ ಹೊಟ್ಟೆ ತೊಳಸಿದಂತಾಗಿ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಬಿರುಸಾದ ಕಮಾನಿನ ಗಾಡಿ ಓಲುವುದೇ ಇಲ್ಲ. ಎಲ್ಲವೂ ಸರಿಯಿದೆಯೆಂಬ ಭ್ರಮೆಯಲ್ಲಿ ವೇಗ ತಗ್ಗಿಸದೆ ಹೋಗುವವನಿಗೆ ಮೊದಲ ಎಚ್ಚರಿಕೆ ಸಿಗುವುದು ಒಳಗಿನ ಚಕ್ರ ನೆಲ ಬಿಟ್ಟ ಮೇಲೆ. ಮದಲಿಂಗನ ಕಣಿವೆಯಂಥ ಏರಿಳಿತದ ಜಾಗದಲ್ಲಿ ಆ ಎಚ್ಚರಿಕೆಗೆ ಅರ್ಥವಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ನಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಎಂದು ಸೇರಿಸಲಾಯಿತು. ಮಿತಿಮೀರಿದ ಭಾರಕ್ಕೆ ಕಾಯ್ದೆ ಹೇಳುವ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ದಂಡಕ್ಕಿಂತ ನನಗೆ ಹೆಚ್ಚು ಭಯವಿರುವುದು ವಿಮೆಯದು. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದು ಇಂಥವನ್ನೇ.

ಇಷ್ಟೆಲ್ಲ ಹೇಳುವಾಗ ಗಾಡಿಯವರನ್ನು ಮಾತ್ರ ದೂರುವುದು ಅನ್ಯಾಯವಾಗುತ್ತದೆ. ಸಾಲದ ಕಂತು ತಿಂಗಳಿಗೆ ತಪ್ಪದು, ಡೀಸೆಲ್ ದರ ಇಳಿಯದು. ಕಾಯಿ ವ್ಯಾಪಾರಿ ಬಾಡಿಗೆಯನ್ನು ಟ್ರಿಪ್ಪಿಗೆ ಇಷ್ಟೆಂದು ಗೊತ್ತುಮಾಡುತ್ತಾನೆ. ಟ್ರಿಪ್ಪಿಗೆ ಬಾಡಿಗೆಯೆಂದ ಮೇಲೆ ಒಂದೇ ಟ್ರಿಪ್ಪಿನಲ್ಲಿ ಎಷ್ಟು ಹೇರಿದರೂ ಅವನಿಗೆ ಲಾಭವೇ. "ಅವ್ನ್ ಗಾಡೀಲಿ ಮೂರ್ ಸಾವ್ರ ಹಾಕ್ತಾನೆ, ನಿಂದ್ಯಾಕೆ ಆಗಲ್ಲ?" ಎಂಬ ಒಂದು ಮಾತು ಸಾಕು, ಹುಡುಗ ಗ್ಯಾರೇಜಿಗೆ ಓಡುತ್ತಾನೆ. ಹೆಚ್ಚಿನ ಪ್ಲೇಟಿನ ಲಾಭ ವ್ಯಾಪಾರಿಗೆ, ನಷ್ಟ ಗಾಡಿಯವನಿಗೆ. ಬಾಡಿಗೆಯನ್ನು ಟ್ರಿಪ್ಪಿಗಲ್ಲ, ತೂಕಕ್ಕೆ ಗೊತ್ತುಮಾಡಬೇಕು. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯನ್ನು ಕ್ವಿಂಟಾಲ್ ಲೆಕ್ಕದಲ್ಲಿ ಕೊಳ್ಳುವವರಿಗೆ ಬಾಡಿಗೆಯನ್ನೂ ಕ್ವಿಂಟಾಲಿಗೆ ಕೊಡಲು ಏನಡ್ಡಿ? ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮಂಡಿ ಇಟ್ಟವರೂ ಇದ್ದೀರಿ. ಈ ಮಾತು ನಿಮಗೆ.

ಕೊನೆಗೆ, ಸಾಮಾನು ಆರಿಸುವ ಪ್ರಶ್ನೆ. ಗಾಡಿ ಹಳೆಯದಾಗಿ, ಖಾಲಿಯಿದ್ದಾಗಲೂ ಒಂದು ಕಡೆ ಕುಸಿದಿದ್ದರೆ ಪ್ಲೇಟು ಬದಲಿಸಬೇಕಾದದ್ದು ನಿಜ. ಆಗ ಸೇರಿಸಬೇಡಿ, ಬದಲಿಸಿ. ನಿಮ್ಮ ಮಾದರಿಗೆ ಕಂಪನಿ ಹೇಳಿದಷ್ಟೇ ಸಂಖ್ಯೆಯ, ಅಷ್ಟೇ ದಪ್ಪದ ಪ್ಲೇಟಿನ ಪೂರ್ತಿ ಸೆಟ್ಟನ್ನು ಎರಡೂ ಕಡೆಗೆ ಒಟ್ಟಿಗೆ ಹಾಕಿಸಿ. ಅಂಗಡಿಗೆ ಹೋಗುವಾಗ ಗಾಡಿಯ ಹೆಸರು ಹೇಳಿದರೆ ಸಾಲದು, ಆರ್.ಸಿ. ಪ್ರತಿ ಒಯ್ದು 1.3 ಟನ್ನಿನದೋ 1.7 ಟನ್ನಿನದೋ ತಿಳಿಸಿ. ಹಳೆಯ ಯು ಬೋಲ್ಟನ್ನು ಮತ್ತೆ ಬಳಸಬೇಡಿ. ಒಮ್ಮೆ ಬಿಗಿದು ಹಿಗ್ಗಿದ ಬೋಲ್ಟು ಎರಡನೆಯ ಸಲ ಅಷ್ಟೇ ಬಿಗಿಯಾಗಿ ನಿಲ್ಲದು, ಅದು ಸಡಿಲವಾದರೆ ಸೆಂಟರ್ ಬೋಲ್ಟು ಕತ್ತರಿಸಿಹೋಗಿ ಅಚ್ಚು ಓರೆಯಾಗುತ್ತದೆ. ಸೆಂಟರ್ ಬೋಲ್ಟು, ಬುಷ್ಷು, ಶ್ಯಾಕಲ್ ಪಿನ್ನುಗಳನ್ನೂ ಹೊಸದಾಗಿ ಹಾಕಿಸಿ. ಕೆಲವು ದಿನ ಓಡಿಸಿದ ಮೇಲೆ ಯು ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಬ್ರೇಕಿನ ಭಾರದ ವಾಲ್ವಿದ್ದರೆ ಅದರ ಕಂಬಿಯ ಅಳತೆಯನ್ನು ಕಂಪನಿಯ ಪುಸ್ತಕದಂತೆ ಹೊಂದಿಸುವವರೆಗೆ ಗ್ಯಾರೇಜಿನಿಂದ ಹೊರಡಬೇಡಿ. ಮೆಕ್ಯಾನಿಕ್ಕು ಗೊಣಗಿದರೆ ಗೊಣಗಲಿ.

ಹೇರುವಾಗ ಎತ್ತಿನ ಗಾಡಿಯ ಕಾಲದ ನಮ್ಮ ಹಿರಿಯರ ಲೆಕ್ಕವನ್ನು ನೆನೆಯಿರಿ. ಮುಂಭಾರವಾದರೆ ಎತ್ತಿನ ಕುತ್ತಿಗೆ ಹೋಯಿತು, ಹಿಂಭಾರವಾದರೆ ನೊಗವೇ ಮೇಲೆದ್ದಿತು. ಪಿಕಪ್ಪಿನಲ್ಲಿ ಹಿಂದಿನ ಅಚ್ಚಿನಾಚೆ ಭಾರ ಬಿದ್ದಷ್ಟೂ ಮುಂದಿನ ಚಕ್ರಗಳು ಹಗುರಾಗಿ ಸ್ಟೀರಿಂಗು ತೇಲುತ್ತದೆ, ದೀಪಗಳು ಎದುರಿನವನ ಕಣ್ಣಿಗೆ ಹೊಡೆಯುತ್ತವೆ. ಭಾರದ ಚೀಲಗಳನ್ನು ಕ್ಯಾಬಿನ್ನಿಗೆ ಒತ್ತಿ ಹೇರಿದರೆ ಅದೇ ತೂಕಕ್ಕೆ ಹಿಂಭಾಗ ತಗ್ಗುವುದು ಎಷ್ಟೋ ಕಡಿಮೆಯಾಗುತ್ತದೆ, ಪೈಸೆ ಖರ್ಚಿಲ್ಲದೆ. ಅದಕ್ಕೂ ಮೀರಿ ತಗ್ಗುವುದಾದರೆ ಎರಡು ಟ್ರಿಪ್ಪು ಹೊಡೆಯಿರಿ, ಇಲ್ಲವೇ ಮುಂದಿನ ಸಲ ದೊಡ್ಡ ಗಾಡಿ ಕೊಳ್ಳಿ.

ಒಂದು ಮನೆಕೆಲಸ ಕೊಡುತ್ತೇನೆ, ಹಳೆಯ ಅಭ್ಯಾಸ ಹೋಗಿಲ್ಲ. ಮುಂದಿನ ಸಲ ಲೋಡು ಹೇರಿದಾಗ ವೇಬ್ರಿಡ್ಜಿನಲ್ಲಿ ಒಂದಲ್ಲ, ಎರಡು ತೂಕ ಮಾಡಿಸಿ. ಮೊದಲು ಗಾಡಿ ಪೂರ್ತಿ, ಆಮೇಲೆ ಮುಂದಿನ ಚಕ್ರಗಳನ್ನು ಕೆಳಗಿಳಿಸಿ ಹಿಂದಿನ ಚಕ್ರಗಳು ಮಾತ್ರ. ಖಾಲಿ ಇದ್ದಾಗಲೂ ಹಾಗೆಯೇ ಎರಡು. ನಾಲ್ಕು ಅಂಕಿಗಳನ್ನೂ, ಟೈರಿನ ಮೇಲಿನ ಭಾರಸೂಚಿಯನ್ನೂ, ಆರ್.ಸಿ.ಯಲ್ಲಿರುವ ಒಟ್ಟು ತೂಕವನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯುಗಾದಿಗೆ ಊರಿಗೆ ಬರುವವರು ಆ ಚೀಟಿ ತಂದರೆ ಜಗಲಿಯ ಮೇಲೆ ಕುಳಿತು ಒಟ್ಟಿಗೆ ಲೆಕ್ಕ ಹಾಕೋಣ. ಕಾಫಿ ನಮ್ಮ ಮನೆಯದು.